ಅಟ್ಟೆಯಣ್ಣ ಹೇಳಿದ ಡಿಫೆನ್ಸು

ಬೇಕರಿಯ ಹಿಂಬದಿಯ ಕೋಣೆಯಲ್ಲಿ, ಮೈದಾ ಮೂಟೆಗಳ ಪಕ್ಕದಲ್ಲಿ, ಒಂದು ಮೇಜು ಮತ್ತು ನಾಲ್ಕು ಕುರ್ಚಿಗಳಿದ್ದವು. ಕಾಲೇಜಿನ ಬಾಸ್ಕೆಟ್‌ಬಾಲ್ ತಂಡ ಸೋತ ಸಂಜೆ ಆ ನಾಲ್ಕೂ ಕುರ್ಚಿಗಳು ತುಂಬುತ್ತಿದ್ದವು. ಗೆದ್ದ ಸಂಜೆ ಏನಾಗುತ್ತಿತ್ತು ಎಂದು ಕೇಳಿದರೆ ಹೇಳುವುದು ಕಷ್ಟ, ಏಕೆಂದರೆ ಅಂಥ ಸಂಜೆಗಳು ಇಪ್ಪತ್ತೊಂದು ವರ್ಷದಲ್ಲಿ ಬೆರಳಲ್ಲಿ ಎಣಿಸುವಷ್ಟು ಬಂದಿದ್ದವು. ಆ ದಿನಗಳಲ್ಲಿ ನಾಲ್ವರೂ ಏನೋ ತಪ್ಪು ಮಾಡಿದವರ ಹಾಗೆ ನೆಟ್ಟಗೆ ಮನೆಗೆ ಹೋಗಿಬಿಡುತ್ತಿದ್ದರು. ಗೆದ್ದವರ ಬಗ್ಗೆ ಕೂತು ಮಾತಾಡುವುದಕ್ಕೆ ಏನಿರುತ್ತದೆ?

ಅವರು ಮಾತಾಡುತ್ತಿದ್ದುದು ಡಿಫೆನ್ಸಿನ ಬಗ್ಗೆ ಮಾತ್ರ. ಉಳಿದ ಜನ ಬುಟ್ಟಿಗೆ ಚೆಂಡು ಹಾಕಿದವನನ್ನು ಹೊಗಳಿ ಕುಣಿಯುತ್ತಾರೆ. ಹಾಕುವುದು ನಮ್ಮ ಹುಡುಗರ ಹಣೆಯಲ್ಲಿ ಬರೆದಿಲ್ಲ, ತಡೆಯುವುದನ್ನಾದರೂ ಕಲಿಯಲಿ ಎಂದು ಈ ನಾಲ್ವರು ಯಾವ ಕಾಲದಲ್ಲೋ ತೀರ್ಮಾನಿಸಿದ್ದರು. ಹುಡುಗರು ಅದನ್ನೂ ಕಲಿಯಲಿಲ್ಲ. ಬ್ಯಾಚಿನ ಮೇಲೆ ಬ್ಯಾಚು ಬಂದವು, ಹೋದವು, ಎದುರು ತಂಡದವರು ನಮ್ಮ ಬುಟ್ಟಿಯ ಕೆಳಗೆ ಸಂತೆಗೆ ಬಂದವರ ಹಾಗೆ ಓಡಾಡಿಕೊಂಡು ಹೋದರು.

"ಝೋನ್ ಹಾಕಿದ್ದೇ ತಪ್ಪು. ಒಬ್ಬೊಬ್ಬನಿಗೆ ಒಬ್ಬೊಬ್ಬ ಗಂಟು ಬೀಳ್ಬೇಕಿತ್ತು" ಎಂದು ಪೋಸ್ಟಿನವನು ಶುರುಮಾಡುತ್ತಿದ್ದ. ಇವನು ನಿವೃತ್ತ ಪೋಸ್ಟ್‌ಮ್ಯಾನ್, ಮೂವತ್ತು ವರ್ಷ ಸೈಕಲ್ ತುಳಿದು ಕಾಲು ಸೋತಿದ್ದರೂ ಗಂಟಲು ಸೋತಿರಲಿಲ್ಲ.

"ಝೋನ್ ಏನ್ ಮಾಡುತ್ತೆ ಪಾಪ? ಜಾಗ ಕಾಯೋಕೆ ನಿಲ್ಸಿದೋರು ಜಾಗದಲ್ಲಿ ಇರ್ಬೇಕಲ್ಲ" ಎಂದು ಲ್ಯಾಬಿನವರು ಬಾಯಿ ಹಾಕುತ್ತಿದ್ದರು. ಅವರು ಅದೇ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಸೀಸೆ ತೊಳೆಯುತ್ತಾ ಕೂದಲು ನರೆಸಿಕೊಂಡವರು. ಹನಿ ಲೆಕ್ಕದಲ್ಲಿ ಅಳೆದು ಮಾತಾಡುವವರು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಬೇಕರಿಯವನು ಇಬ್ಬರಿಗೂ ಸೇರುವ ಹಾಗೆ ಹೇಳಿ ಟೀ ತರಲು ಎದ್ದುಹೋಗುತ್ತಿದ್ದ. ನಾಲ್ವರಲ್ಲಿ ಅವನೇ ಚಿಕ್ಕವನು, ನಲವತ್ತೆಂಟು.

ನಾಲ್ಕನೆಯವನು ಅಟ್ಟೆಯಣ್ಣ. ಕಾಲೇಜಿನ ಹಿಂದಿನ ರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಗೆ ಹತ್ತುವ ಮೆಟ್ಟಿಲ ಕೆಳಗೆ, ನಿಂತರೆ ತಲೆ ತಾಗುವ ಗೂಡಿನಲ್ಲಿ ಶೂ ರಿಪೇರಿ ಮಾಡುವವನು. ಶೂಗಳಿಗೆ ಹೊಸ ಅಟ್ಟೆ ಹಾಕುವುದರಲ್ಲಿ ಅವನಿಗೆ ಸರಿಸಾಟಿ ಇಲ್ಲದ್ದರಿಂದ ಆ ಹೆಸರು ಬಂದದ್ದು. ತಾಯಿ ಇಟ್ಟ ಹೆಸರು ಈಗ ಅವನ ತಂಗಿಗೂ ನೆನಪಿತ್ತೋ ಇಲ್ಲವೋ. ಮೇಜಿನಲ್ಲಿ ಅವನು ಮೂರನೇ ಟೀವರೆಗೂ ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೆ ಅದು ತೀರ್ಪು. ಎಡಗಡೆ ಎಷ್ಟು ಸಲ ಬಾಗಿಲು ತೆಗೆಯಿತು, ಯಾರು ಅಡ್ಡಹೆಜ್ಜೆ ಹಾಕುವ ಬದಲು ತಿರುಗಿ ಓಡಿದ, ಯಾರು ಯಾರಿಗೆ ಬೆನ್ನು ಕೊಟ್ಟ, ಎಲ್ಲವನ್ನೂ ನಾಲ್ಕು ಮಾತಿನಲ್ಲಿ ಹೇಳಿ ಲೋಟ ಕೆಳಗಿಡುತ್ತಿದ್ದ. ಆಮೇಲೆ ಮೂವರೂ ಅವನ ಮೇಲೆ ಮುಗಿಬೀಳುತ್ತಿದ್ದರು.

ಆ ಮುಗಿಬೀಳುವಿಕೆಗೋಸ್ಕರವೇ ಅಟ್ಟೆಯಣ್ಣ ವಾರವಿಡೀ ಬದುಕುತ್ತಿದ್ದ ಎಂದರೆ ಉತ್ಪ್ರೇಕ್ಷೆ ಅಲ್ಲ. ಅವನಿಗೆ ಹೆಂಡತಿ ಮಕ್ಕಳಿಲ್ಲ. ಅಂಗಡಿಗೆ ಬರುವವರು ಶೂ ನೋಡಿ ಮಾತಾಡುತ್ತಾರೆಯೇ ಹೊರತು ಮುಖ ನೋಡಿ ಅಲ್ಲ. ಈ ಭೂಮಿಯ ಮೇಲೆ ಮೂರು ಜನ ಅವನ ಮಾತನ್ನು ಕೇಳಿ, ತೂಗಿ, ಅದು ತಪ್ಪು ಎಂದು ಸಾಧಿಸಲು ಮೇಜು ಗುದ್ದುತ್ತಿದ್ದರು. ಪೋಸ್ಟಿನವನಂತೂ "ಲೋ ದಡ್ಡ ಶಿಖಾಮಣಿ, ನಿನ್ನ ತಲೇಲಿರೋದು ಮಿದುಳೋ ಶೂ ಅಂಟ್ಸೋ ಸಲ್ಯೂಷನ್ನೋ" ಎಂದು ಚೀರುತ್ತಿದ್ದ. ಅದಕ್ಕಿಂತ ದೊಡ್ಡ ಮರ್ಯಾದೆಯನ್ನು ಅಟ್ಟೆಯಣ್ಣ ಬೇರೆ ಎಲ್ಲೂ ಕಂಡಿರಲಿಲ್ಲ.

ಆದರೆ ಎರಡು ವರ್ಷದಿಂದ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಅದು ಆ ಮೂವರಿಗೆ ಗೊತ್ತಿರಲಿಲ್ಲ.

ಮೊದಲು ನಡುವೆ ಹೋಯಿತು. ಯಾವುದನ್ನು ನೆಟ್ಟಗೆ ನೋಡುತ್ತಾನೋ ಅದೇ ಮಾಯ. ಸುತ್ತಲಿನದು ಮಾತ್ರ ಉಳಿಯುತ್ತಿತ್ತು. ಗಿರಾಕಿಯ ಮುಖ ಇಲ್ಲ, ಕಿವಿ ಇದೆ. ಗಡಿಯಾರದ ಮುಳ್ಳಿಲ್ಲ, ಚೌಕಟ್ಟಿದೆ. ಆಮೇಲೆ ಅಂಚುಗಳೂ ಹೊಗೆ ಹಿಡಿದವು. ತಂಗಿ ಅವನನ್ನು ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರು ಕಣ್ಣಿಗೆ ದೀಪ ಬಿಟ್ಟು ನೋಡಿ, "ನರ ಒಣಗಿಬಿಟ್ಟಿದೆ ಯಜಮಾನ್ರೇ. ಕನ್ನಡಕ, ಆಪರೇಷನ್ ಯಾವುದರಿಂದಲೂ ಉಪಯೋಗ ಇಲ್ಲ. ಇರೋಷ್ಟು ದಿನ ಜೋಪಾನ" ಎಂದರು. ಇಲ್ಲದಿರುವುದನ್ನು ಜೋಪಾನ ಮಾಡುವುದು ಹೇಗೆಂದು ಅವರು ಹೇಳಲಿಲ್ಲ. ಹೊರಗೆ ಆಗಲೇ ಮುಂದಿನವರ ನಂಬರು ಕೂಗುತ್ತಿದ್ದರು.

ಕೆಲಸಕ್ಕೆ ತೊಂದರೆಯಾಗಲಿಲ್ಲ. ಮೂವತ್ತೈದು ವರ್ಷ ಕೂತ ಗೂಡು ಅದು. ಸುತ್ತಿಗೆ ಬಲಮೊಣಕಾಲಿನ ಪಕ್ಕ, ದಬ್ಬಳ ಡಬ್ಬಿಯಲ್ಲಿ, ಮೇಣ ತಿಕ್ಕಿದ ದಾರ ಗೋಡೆಯ ಮೊಳೆಗೆ. ಶೂವನ್ನು ಕಬ್ಬಿಣದ ಪಾದದ ಮೇಲೆ ಕವಚಿ ಹೆಬ್ಬೆರಳಾಡಿಸಿದರೆ ಅಟ್ಟೆ ಎಲ್ಲಿ ಸವೆದಿದೆ, ಹೊಲಿಗೆ ಎಲ್ಲಿ ಬಿಟ್ಟಿದೆ, ಅದನ್ನು ಹಾಕಿಕೊಳ್ಳುವವನು ಯಾವ ಕಾಲಿನ ಮೇಲೆ ಭಾರ ಬಿಡುತ್ತಾನೆ, ಎಲ್ಲ ತಿಳಿಯುತ್ತಿತ್ತು. ದಾರ ಪೋಣಿಸುವ ಕೆಲಸವನ್ನು ತಂಗಿ ಬೆಳಿಗ್ಗೆಯೇ ಮುಗಿಸಿ ಹತ್ತು ಸೂಜಿಗಳನ್ನು ಬಟ್ಟೆಗೆ ಚುಚ್ಚಿ ಕೊಡುತ್ತಿದ್ದಳು. ಅವಳು ಶಿಶುವಿಹಾರದಲ್ಲಿ ಆಯಾ. ಮಕ್ಕಳ ಮೂಗು ಒರೆಸಿ ಒರೆಸಿ ಅವಳಿಗೆ ದೊಡ್ಡವರ ಮೇಲೂ ಅದೇ ಅಧಿಕಾರ ಬಂದುಬಿಟ್ಟಿತ್ತು.

"ಅವರಿಗೆ ಹೇಳ್ಬಿಡು ಅಣ್ಣಾ" ಎನ್ನುತ್ತಿದ್ದಳು. "ಕಾಣ್ಸಲ್ಲ ಅಂತ ಹೇಳೋದ್ರಲ್ಲಿ ಏನು ನಾಚಿಕೆ? ನೀನೇನು ಕಳ್ಳತನ ಮಾಡಿದ್ಯಾ?"

"ಹೇಳ್ತೀನಿ. ಈ ಸೀಸನ್ ಮುಗೀಲಿ."

"ಹೋದ ಸೀಸನ್ನಲ್ಲೂ ಇದೇ ರಾಗ."

"ಹೇಳಿದ್ರೆ ಆಮೇಲೆ ಏನಾಗುತ್ತೆ ಗೊತ್ತಾ ನಿಂಗೆ? ಟೀ ಕೊಡ್ತಾರೆ, ಕುರ್ಚಿ ಎಳ್ದು ಕೊಡ್ತಾರೆ. ಡಿಫೆನ್ಸ್ ಬಗ್ಗೆ ನನ್ನ ಮಾತು ಯಾರು ಕೇಳ್ತಾರೆ? ಕುರುಡನ ಕೈಲಿ ಮ್ಯಾಚಿನ ವರದಿ ಕೇಳೋಷ್ಟು ಒಳ್ಳೇ ಜನ ಎಲ್ಲಿದ್ದಾರೆ?"

ತಂಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು, ಅಷ್ಟೆ.

ಇದರಲ್ಲಿ ತಮಾಷೆ ಏನೆಂದರೆ, ಕಣ್ಣು ಹೋದ ಮೇಲೆ ಅಟ್ಟೆಯಣ್ಣನ ತೀರ್ಪುಗಳು ಇನ್ನೂ ಚುರುಕಾಗಿದ್ದವು. ಕಣ್ಣಿರುವವರು ಚೆಂಡು ನೋಡುತ್ತಾರೆ. ಚೆಂಡು ನೋಡಿದವನಿಗೆ ಡಿಫೆನ್ಸು ಗೊತ್ತಾಗುವುದಿಲ್ಲ, ಡಿಫೆನ್ಸು ಇರುವುದು ಕಾಲಿನಲ್ಲಿ. ಕಾಲೇಜಿನ ಆಟದ ಹಾಲಿನ ನೆಲ ಮರದ್ದು, ಮೇಲೆ ತಗಡಿನ ಮಾಡು. ಅದರಲ್ಲಿ ಹತ್ತು ಜೊತೆ ಶೂಗಳು ಕಿರುಗುಟ್ಟುವುದನ್ನು ಕಿವಿಗೊಟ್ಟು ಕೇಳಿದರೆ ಯಾರು ಎಲ್ಲಿ ತಡವಾದ ಎಂಬುದು ಬರೆದಿಟ್ಟ ಹಾಗೆ ಕೇಳುತ್ತಿತ್ತು. ನಮ್ಮ ಹುಡುಗರಲ್ಲಿ ಐವರ ಶೂ ಅವನ ಕೈ ದಾಟಿಯೇ ಹೋಗಿದ್ದವು. ಆ ಸದ್ದುಗಳನ್ನು ಒಂದು ಮಟ್ಟಿಗೆ ಅವನೇ ಮಾಡಿ ಕಳಿಸಿದ್ದ. ಎಲ್ಲರಿಗಿಂತ ಸುಲಭ ಏಳನೇ ನಂಬರಿನ ಹುಡುಗ, ಎಡಗಡೆ ಕಾಯುವವನು. ಅವನ ಬಲಗಾಲಿನ ಶೂಗೆ ಜೋಡಿ ರಬ್ಬರು ಸಿಗದೆ, ಬೇರೆ ಯಾರದೋ ಬೂಟಿಗೆಂದು ತಂದಿದ್ದ ಗಡುಸು ರಬ್ಬರು ಹಾಕಿಕೊಟ್ಟಿದ್ದ. ಎಡಗಾಲು ಗರ್ ಎಂದರೆ ಬಲಗಾಲು ಕೀಂ ಎನ್ನುತ್ತಿತ್ತು. ಇಡೀ ಹಾಲಿನ ಗದ್ದಲದ ನಡುವೆ ಆ ಗರ್-ಕೀಂ ಅಟ್ಟೆಯಣ್ಣನಿಗೆ ಸ್ವಂತ ಮನೆಯ ಬಾಗಿಲಿನ ಸದ್ದಿನಷ್ಟು ಪರಿಚಿತ.

ಇನ್ನೊಂದು ಉಪಾಯವನ್ನೂ ಅವನು ಮಾಡಿಕೊಂಡಿದ್ದ. ಆಟದ ಹೊತ್ತಿನಲ್ಲಿ ನಾಲ್ವರಲ್ಲಿ ಯಾರೂ ಆಟದ ಬಗ್ಗೆ ತುಟಿ ಬಿಚ್ಚಬಾರದು, ಬಿಚ್ಚಿದವನು ಅವತ್ತಿನ ಟೀ ಕೊಡಿಸಬೇಕು ಎಂಬ ಕಾನೂನು ತಂದದ್ದು ಅವನೇ. "ಇಲ್ಲೇ ಮಾತಾಡಿ ಖಾಲಿ ಮಾಡಿದ್ರೆ ಬೇಕರಿಗೆ ಹೋಗಿ ಏನ್ ಮಾಡೋದು?" ಎಂದಿದ್ದ. ಮೂವರೂ ಇದರಲ್ಲಿ ಬುದ್ಧಿವಂತಿಕೆ ಕಂಡು ಒಪ್ಪಿದ್ದರು. ಅವನಿಗೆ ಬೇಕಾಗಿದ್ದುದು "ಅಲ್ನೋಡು, ಅಲ್ನೋಡು" ಎಂದು ಯಾರೂ ಬೆರಳು ತೋರಿಸದೆ ಇರುವುದು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ ಎನ್ನುತ್ತಾರೆ. ಅಟ್ಟೆಯಣ್ಣನ ವಿಷಯದಲ್ಲಿ ಲೋಕಕ್ಕೆ ಎರಡು ವರ್ಷ ನಿಜವಾಗಿಯೂ ಕಂಡಿರಲಿಲ್ಲ.

ಸೀಸನ್ ಮುಗಿಯಲು ಎರಡು ಮ್ಯಾಚು ಉಳಿದಿದ್ದಾಗ ಒಂದು ಮಧ್ಯಾಹ್ನ ಅವನು ಹಾಲಿಗೆ ತಡವಾಗಿ ಬಂದ. ಗೂಡಿಗೂ ಹಾಲಿಗೂ ನಡುವಿನ ದೊಡ್ಡ ರಸ್ತೆ ದಾಟುವುದಕ್ಕೆ ಅವನದೊಂದು ರೂಢಿ: ಯಾರಾದರೂ ಪಕ್ಕಕ್ಕೆ ಬಂದು ನಿಲ್ಲುವ ತನಕ ಜೇಬು ತಡಕುತ್ತಾ ನಿಂತು, ಅವರ ಹೆಜ್ಜೆಯ ಜೊತೆ ಹೆಜ್ಜೆ ಹಾಕಿ ದಾಟಿಬಿಡುವುದು. ಅವತ್ತು ಯಾರೂ ಬರಲಿಲ್ಲ. ಹದಿನೈದು ನಿಮಿಷ ಜೇಬು ತಡಕಿದ. ಹಾಲಿಗೆ ಬಂದು ತನ್ನ ಜಾಗದಲ್ಲಿ, ಎರಡನೇ ಮೆಟ್ಟಿಲ ತುದಿಯಲ್ಲಿ, ಕೂರುವಷ್ಟರಲ್ಲಿ ತಂಡದವರ ಹೆಸರು ಕರೆದು, ಸೀಟಿ ಊದಿ, ಆಟ ಶುರುವಾಗಿ ಹೋಗಿತ್ತು. ಪೋಸ್ಟಿನವನು ಜಾಗ ಬಿಟ್ಟು ಸರಿದ. ಕಾನೂನು ಇದ್ದುದರಿಂದ ಯಾರೂ ಏನೂ ಹೇಳಲಿಲ್ಲ.

ಅಟ್ಟೆಯಣ್ಣ ಗಲ್ಲಕ್ಕೆ ಕೈಕೊಟ್ಟು ಕೇಳತೊಡಗಿದ. ಗರ್-ಕೀಂ ಇತ್ತು, ಎಡಗಡೆಯಲ್ಲೇ ಇತ್ತು. ಆದರೆ ಅದು ದಿನದ ಹಾಗಿರಲಿಲ್ಲ. ಅರೆಕ್ಷಣ ತಡವಾಗಿ ಏಳುತ್ತಿತ್ತು, ಅಡ್ಡ ಸರಿಯುವ ಕಡೆ ತಪತಪ ಓಡುತ್ತಿತ್ತು, ನಿಲ್ಲಬೇಕಾದಲ್ಲಿ ಜಾರುತ್ತಿತ್ತು. ಹುಡುಗನಿಗೆ ಏನಾಗಿದೆ ಇವತ್ತು ಎಂದು ಅವನಿಗೆ ಸಂಕಟವೇ ಆಯಿತು. ಎದುರಿನವರು ಅದೇ ಬಾಗಿಲಲ್ಲಿ ಬಂದರು, ಅದೇ ಬಾಗಿಲಲ್ಲಿ ಹೋದರು. ನಾವು ಮೂವತ್ತೊಂದು ಪಾಯಿಂಟಿನಲ್ಲಿ ಸೋತೆವು.

ಬೇಕರಿಯಲ್ಲಿ ಜಗಳ ಮಾಮೂಲಿನಂತೆ ಹತ್ತಿಕೊಂಡಿತು. ಪೋಸ್ಟಿನವನು ಕೋಚನ್ನು ಜಾಡಿಸಿದ. "ಹಾಫ್‌ಟೈಮ್ ಆದ್ಮೇಲೆ ಮ್ಯಾನ್-ಟು-ಮ್ಯಾನ್‌ಗೆ ಬಂದ್ರಂತೆ! ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ!" ಲ್ಯಾಬಿನವರು ಬಲಗಡೆಯಿಂದ ಎಡಗಡೆಗೆ ಸಹಾಯವೇ ಬರಲಿಲ್ಲ ಎಂದರು. ಬೇಕರಿಯವನು ಇವರೆಲ್ಲ ಎತ್ತು ಏರಿಗೆ, ಕೋಣ ನೀರಿಗೆ ಎಂದು ಹೇಳಿ ಮೂರನೇ ಟೀ ತಂದಿಟ್ಟ. ಅಟ್ಟೆಯಣ್ಣ ಲೋಟವನ್ನು ಒಂದು ಸಲ ತಿರುಗಿಸಿದ.

"ಕೋಚೂ ಅಲ್ಲ, ಝೋನೂ ಅಲ್ಲ" ಎಂದ. "ಇವತ್ತು ಏಳನೇ ನಂಬರಿನೋನು ಮುಳುಗಿಸ್ದ. ಎಡಗಡೆ ಹನ್ನೊಂದು ಸಲ ಬಾಗ್ಲು ತೆಗ್ದ. ಅಡ್ಡಹೆಜ್ಜೆ ಹಾಕೋದೇ ಮರ್ತು ಹೋದೋನ ಥರ ಓಡ್ತಿದ್ದ. ಅಷ್ಟು ಒಳ್ಳೇ ಹುಡುಗ, ಇವತ್ತು ಅವನ ಕಾಲು ಅವನ ಮಾತೇ ಕೇಳ್ಲಿಲ್ಲ. ಬೇಕಾದ್ರೆ ಇಲ್ಲ ಅನ್ನಿ ನೋಡೋಣ."

ಇಲ್ಲ ಎನ್ನುವವರಿಗಾಗಿ ಅವನು ಮುಂದಕ್ಕೆ ಬಾಗಿ ಕಾದ.

ಒಳಗೆ ಭಟ್ಟಿಯಿಂದ ಯಾರೋ ಟ್ರೇ ಎಳೆದರು. ಪೋಸ್ಟಿನವನ ಕುರ್ಚಿ ಕಿರ್ ಎಂದಿತು. ಲ್ಯಾಬಿನವರು ಗಂಟಲು ಸರಿಮಾಡಿಕೊಂಡರು.

"ಏಳು... ಹೌದು" ಎಂದರು ಲ್ಯಾಬಿನವರು. "ಸ್ವಲ್ಪ ನಿಧಾನ ಇದ್ದ."

"ನೀವು ಹೇಳೋದು ಸರಿ ಅಣ್ಣಾ" ಎಂದ ಬೇಕರಿಯವನು.

ಅಟ್ಟೆಯಣ್ಣ ಪೋಸ್ಟಿನವನ ಕಡೆ ತಿರುಗಿದ. ಬಯ್ಗುಳ ಅಲ್ಲಿಂದ ಬರಬೇಕಿತ್ತು. "ನೀನೇನೋ, ಬಾಯಿ ಬಿದ್ದೋಗಿದ್ಯಾ?"

"ನೀನು ಹೇಳಿದ್ಮೇಲೆ ಮುಗೀತಲ್ಲಪ್ಪ" ಎಂದ ಪೋಸ್ಟಿನವನು. ಆ ದನಿ ಅವನದೇ ಆಗಿದ್ದರೂ ಎಲ್ಲಿಂದಲೋ ಎರವಲು ತಂದಂತಿತ್ತು. "ಸರಿಯಾಗೇ ಹೇಳ್ದೆ."

ಆ ಸಂಜೆ ಪೋಸ್ಟಿನವನು ತನಗೂ ಆ ಕಡೆ ಕೆಲಸವಿದೆ ಎಂದು ಹೇಳಿ ಅವನ ಮನೆಯ ತನಕ ನಡೆದುಬಂದ. ಪೋಸ್ಟಿನವನ ಮನೆ ಇದ್ದದ್ದು ಪೂರಾ ವಿರುದ್ಧ ದಿಕ್ಕಿಗೆ.

ಮನೆಯಲ್ಲಿ ಅಟ್ಟೆಯಣ್ಣ ಕೈಕಾಲು ತೊಳೆದು ಬಂದು, "ಇವತ್ತು ಮೂವರೂ ಒಪ್ಕೊಂಡ್ಬಿಟ್ರು, ಒಂದು ಮಾತು ಎದುರಾಡ್ಲಿಲ್ಲ" ಎಂದ. ಗೆಲುವಿನ ಸುದ್ದಿ ಹೇಳುವ ಹಾಗೆ ಹೇಳಲು ನೋಡಿದ, ದನಿ ಜೊತೆ ಕೊಡಲಿಲ್ಲ.

"ಪೋಸ್ಟಣ್ಣನೂ ಒಪ್ಪಿದ್ರಾ?" ತಂಗಿ ಕೇಳಿದಳು.

"ಒಪ್ದ."

"ಬಾ, ಊಟ ಆರುತ್ತೆ" ಎಂದಳು. ಅವತ್ತು ಪಾತ್ರೆಗಳನ್ನು ಮೆಲ್ಲಗೆ ಇಟ್ಟಳು.

ಎರಡು ದಿನ ಬಿಟ್ಟು ಬೆಳಿಗ್ಗೆ ತಂಡದ ಹುಡುಗನೊಬ್ಬ ಗೂಡಿಗೆ ಬಂದು ಒಂದು ಜೊತೆ ಶೂ ಮುಂದಿಟ್ಟ. ಅಟ್ಟೆಯಣ್ಣ ಹೆಬ್ಬೆರಳಾಡಿಸಿದ. ಬಲಗಾಲಿನದು ಗಡುಸು ರಬ್ಬರು.

"ಬಾಪ್ಪ ಏಳು" ಎಂದ. "ಏನಾಗಿತ್ತು ನಿಂಗೆ ಮೊನ್ನೆ? ಮೈ ಹುಷಾರಿರಲಿಲ್ವಾ?"

"ನಾನು ಹನ್ನೆರಡು ಅಂಕಲ್" ಎಂದ ಹುಡುಗ. "ಶೂ ಅವನದು. ಸೋಮವಾರ ಪ್ರಾಕ್ಟೀಸಲ್ಲಿ ಅವನ ಕಣಕಾಲು ಮುರೀತಲ್ಲ, ಅವನ ಜಾಗಕ್ಕೆ ನನ್ನನ್ನ ಹಾಕಿದ್ರು. ನನ್ನ ಶೂ ಬಾಯಿ ಬಿಟ್ಟಿತ್ತು. ಇದನ್ನೇ ಹಾಕ್ಕೊಂಡು ಆಡು ಅಂತ ಕೊಟ್ಟ. ಒಂದು ಸೈಜ್ ದೊಡ್ಡದು ಅಂಕಲ್, ಒಳಗೆ ಪೇಪರ್ ತುರುಕಿದ್ರೂ ಕಾಲು ಜಾರುತ್ತೆ. ಏನಾದ್ರೂ ಮಾಡಿಕೊಡಿ."

ಅಟ್ಟೆಯಣ್ಣನ ಕೈ ಶೂವಿನೊಳಗೇ ನಿಂತಿತು. ಬೆರಳಿಗೆ ಮುದುಡಿದ ಪೇಪರು ಸಿಕ್ಕಿತು.

"ಏಳನೇ ನಂಬರಿನೋನು ಅವತ್ತು ಮ್ಯಾಚಿಗೆ ಬಂದಿರ್ಲಿಲ್ವಾ ಹಾಗಾದ್ರೆ?"

"ಬಂದಿದ್ನಲ್ಲ ಅಂಕಲ್! ಕಾಲಿಗೆ ಬ್ಯಾಂಡೇಜ್ ಹಾಕ್ಕೊಂಡು ನಿಮ್ಮ ಮುಂದೇನೇ ಕೂತಿದ್ದ. ಪೋಸ್ಟ್ ಅಂಕಲ್ಲೇ ಅಲ್ವಾ ಇನ್ನೊಂದು ಕುರ್ಚಿ ತಂದು ಅವನ ಕಾಲು ಎತ್ತಿ ಇಟ್ಟಿದ್ದು? ನೀವು ಬಂದಾಗ ನಮಸ್ತೆ ಅಂತ ಕೈ ಎತ್ತಿದ್ನಂತೆ. ನೀವು ಆ ಕಡೆ ತಿರುಗಿಬಿಟ್ರಿ ಅಂತ ಪಾಪ ಬೇಜಾರು ಮಾಡ್ಕೊಂಡ."

ಮೇಲೆ ಜೆರಾಕ್ಸ್ ಯಂತ್ರ ಒಂದೇ ಸಮನೆ ಓಡುತ್ತಿತ್ತು. ಅಟ್ಟೆಯಣ್ಣ ಸಂಜೆ ಬಾ ಎಂದು ಹುಡುಗನನ್ನು ಕಳಿಸಿದ. ಆಮೇಲೆ ಬಹಳ ಹೊತ್ತು ಶೂವಿನ ಒಳಗಿಂದ ಪೇಪರನ್ನು ಚೂರು ಚೂರಾಗಿ ಕೀಳುತ್ತಾ ಕೂತ.

ಕಾಲು ಮುರಿದು, ಕುರ್ಚಿಯ ಮೇಲೆ ಕಾಲು ಚಾಚಿ, ಎರಡು ಮಾರು ದೂರದಲ್ಲಿ ಎರಡು ಗಂಟೆ ಕೂತಿದ್ದವನ ಬಗ್ಗೆ ಅವನು ಮೂವರ ಮುಂದೆ ಅಡ್ಡಹೆಜ್ಜೆ ಮರೆತ, ಬಾಗಿಲು ತೆಗೆದ ಎಂದು ತೀರ್ಪು ಕೊಟ್ಟಿದ್ದ. ಬೇಕಾದರೆ ಇಲ್ಲ ಅನ್ನಿ ಎಂದು ಸವಾಲು ಬೇರೆ ಹಾಕಿದ್ದ. ತಾನೇ ತಂದ ಕಾನೂನಿಲ್ಲದಿದ್ದರೆ ಆಟದ ನಡುವೆ ಯಾರಾದರೂ "ಹನ್ನೆರಡು ನೋಡೋ" ಎಂದಾದರೂ ಅನ್ನುತ್ತಿದ್ದರು. ಆದರೆ ಅವಮಾನಕ್ಕಿಂತ ಹೆಚ್ಚು ಕಚ್ಚಿದ್ದು ಆ ಮೂರು ಹೌದುಗಳು. ಲ್ಯಾಬಿನವರ ಹೌದು, ಬೇಕರಿಯವನ ಸರಿ ಅಣ್ಣಾ, ಪೋಸ್ಟಿನವನ ಮುಗೀತಲ್ಲಪ್ಪ. ಶಾಲೆಯಲ್ಲಿ ಒಂದು ಗೋಲಿ ಗೆರೆಯ ಒಳಗಿತ್ತೋ ಹೊರಗಿತ್ತೋ ಎಂದು ಇವನ ಮೂಗಿನಲ್ಲಿ ರಕ್ತ ಬರಿಸಿದ್ದವನು ಪೋಸ್ಟಿನವನು. ಅವನು ಸುಮ್ಮನೆ ಒಪ್ಪಿಬಿಟ್ಟಿದ್ದ.

"ಈಗಲಾದ್ರೂ ಹೇಳು" ಎಂದಳು ತಂಗಿ, ಎಲ್ಲ ಕೇಳಿದ ಮೇಲೆ.

"ಈಗ ಹೇಳೋಕೆ ಏನು ಉಳಿದಿದೆ?"

"ನೀನೇ ಬಾಯಿಬಿಟ್ಟು ಹೇಳೋದು ಬೇರೆ ಅಣ್ಣಾ."

"ಎರಡು ವರ್ಷದ ಹಿಂದೆ ಹೇಳ್ಬೇಕಿತ್ತು" ಎಂದ ಅವನು. "ಆಗ ಬಯ್ತಿದ್ರು, ನಗ್ತಿದ್ರು, ಕಿವಿ ಇದೆಯಲ್ಲ ಕೇಳಿ ಹೇಳು ಅಂತ ರೇಗಿಸ್ತಿದ್ರು. ಈಗ ಅವರು ನನ್ನನ್ನ ನೋಡಿ ಪಾಪ ಅಂದ್ಬಿಟ್ಟಿದ್ದಾರೆ. ಒಂದು ಸಲ ಪಾಪ ಅಂದೋರು ಮತ್ತೆ ಜಗಳಕ್ಕೆ ಬರಲ್ಲ."

ಆದರೂ ಮನುಷ್ಯನ ಆಸೆ ಅಷ್ಟು ಬೇಗ ಸಾಯುವುದಿಲ್ಲ. ಹನ್ನೆರಡನೇ ನಂಬರಿನವನ ಕಾಲಿಗೆ ಕೂರುವ ಹಾಗೆ ಶೂವಿನೊಳಗೆ ಚರ್ಮದ ಒಳಅಟ್ಟೆ ಕತ್ತರಿಸಿ ಅಂಟಿಸುತ್ತಾ ಅವನು ಒಂದು ಲೆಕ್ಕ ಹಾಕಿದ. ಪೋಸ್ಟಿನವನು ಮೊದಲಿಂದಲೂ ಬಿಸಿರಕ್ತದವನು. ಸರಿಯಾಗಿ ಕೆಣಕಿದರೆ ತಡೆದುಕೊಳ್ಳಲಾರ. ಒಂದೇ ಒಂದು ಸಲ ಅವನು "ಲೋ" ಎಂದು ಚೀರಿದರೆ ಸಾಕು, ಉಳಿದದ್ದು ತಾನಾಗಿ ಸರಿಹೋಗುತ್ತದೆ.

ಕೊನೆಯ ಮ್ಯಾಚಿನ ದಿನ ಪೋಸ್ಟಿನವನು ಅವನನ್ನು ಕರೆದುಕೊಂಡು ಹೋಗಲು ಗೂಡಿಗೇ ಬಂದ. ದೊಡ್ಡ ರಸ್ತೆಯಲ್ಲಿ ಏನೂ ಹೇಳದೆ ಮೊಣಕೈ ಹಿಡಿದುಕೊಂಡ, ದಾಟಿದ ಮೇಲೂ ಬಿಡಲಿಲ್ಲ. ಹಾಲಿನಲ್ಲಿ ಮೆಟ್ಟಿಲು ಬಂದಾಗ "ಮೆಟ್ಲು" ಎಂದ. ಆಟ ಶುರುವಾದ ಮೇಲೆ ಬೇಕರಿಯವನು ಇವನ ಕಿವಿಯ ಹತ್ತಿರ ಬಾಗಿ, "ಅಣ್ಣಾ, ಈಗ ಎಡಗಡೆಯಿಂದ ಬಂದ್ರು... ಹಾಕಿದ್ರು... ಈಗ ನಮ್ಮೋರ ಕೈಲಿ ಚೆಂಡು" ಎಂದು ಪಿಸುಗುಟ್ಟುತ್ತಾ ಹೋದ. ಕಾನೂನು ಮುರಿದು ಮೂರು ಚೂರಾಯಿತು. ಟೀ ಯಾರು ಕೊಡಿಸಬೇಕು ಎಂದು ಯಾರೂ ಕೇಳಲಿಲ್ಲ. ಆ ಪಿಸುಮಾತಿನ ಗದ್ದಲದಲ್ಲಿ ಅಟ್ಟೆಯಣ್ಣನಿಗೆ ಒಂದು ಜೊತೆ ಶೂವಿನ ಸದ್ದೂ ನೆಟ್ಟಗೆ ಕೇಳಿಸಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಅವನು ನಿಜವಾಗಿ ಕುರುಡನಾಗಿ ಕೂತಿದ್ದ.

ನಲವತ್ತನಾಲ್ಕು ಪಾಯಿಂಟಿನಲ್ಲಿ ಸೋತೆವು. ಆ ವರ್ಷದ ಅತಿ ದೊಡ್ಡ ಸೋಲು. ಬೇರೆ ದಿನವಾಗಿದ್ದರೆ ಬೇಕರಿಯ ಮೇಜಿನ ಕಾಲು ಮುರಿಯಬೇಕಿತ್ತು. ಆದರೆ ಅವತ್ತು ಮೂವರೂ ರೋಗಿಯ ಮಂಚದ ಪಕ್ಕ ಕೂತವರ ಹಾಗೆ ತಗ್ಗಿದ ದನಿಯಲ್ಲಿ ಮಾತಾಡಿದರು. ಪಾಪ ಹುಡುಗರು ಪ್ರಯತ್ನ ಪಟ್ಟರು ಎಂದರು. ಎದುರಿನವರು ಎತ್ತರ ಇದ್ದರು ಎಂದರು. ಮೂರನೇ ಟೀ ಬರುವ ಮೊದಲೇ ಲ್ಯಾಬಿನವರು, "ನೀವು ಹೇಳಿ ಅಟ್ಟೆಯಣ್ಣ, ನಿಮಗೇನನ್ನಿಸ್ತು?" ಎಂದು ಕೇಳಿದರು. ಮಕ್ಕಳನ್ನು ಪದ್ಯ ಹೇಳು ಎಂದು ಕೇಳುವ ದನಿ ಅದು.

ಅಟ್ಟೆಯಣ್ಣ ಎರಡು ಅಂಗೈಯನ್ನೂ ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟ.

"ಇಪ್ಪತ್ತೊಂದು ವರ್ಷದಲ್ಲಿ ಇಂಥ ಡಿಫೆನ್ಸ್ ನಮ್ಮೋರು ಆಡಿರಲಿಲ್ಲ" ಎಂದ. "ಬೆಂಕಿ ಥರ ಇತ್ತು. ಎಡಗಡೆ ಒಂದು ನರಪಿಳ್ಳೇನೂ ಒಳಗೆ ಬರ್ಲಿಲ್ಲ. ಏಳಂತೂ ಹುಲಿ ಥರ ಆಡ್ದ."

ಏಳನೇ ನಂಬರಿನ ಹುಡುಗ ಅವತ್ತೂ ಕಾಲು ಚಾಚಿ ಕುರ್ಚಿಯಲ್ಲೇ ಕೂತಿದ್ದ. ಅದು ನಾಲ್ವರಿಗೂ ಗೊತ್ತಿತ್ತು. ಬರುವಾಗ ಪೋಸ್ಟಿನವನೇ, "ಏಳು ಇಲ್ಲೇ ಇದ್ದಾನೆ, ಮಾತಾಡ್ಸು" ಎಂದು ಇವನ ಕೈಯನ್ನು ಆ ಹುಡುಗನ ಹೆಗಲ ಮೇಲೆ ಇಡಿಸಿದ್ದ.

ಬಯ್ಯಿ ಎಂದು ಅಟ್ಟೆಯಣ್ಣ ಮನಸ್ಸಿನಲ್ಲೇ ಬೇಡಿಕೊಂಡ. ತಲೆ ಕೆಟ್ಟಿದೆಯೇನೋ ಎನ್ನು. ಮೇಜು ಗುದ್ದು. ಏನಾದರೂ ಅನ್ನು.

"ಹೌದಣ್ಣಾ" ಎಂದ ಬೇಕರಿಯವನು.

"ನಿಜ, ಚೆನ್ನಾಗೇ ತಡೆದ್ರು" ಎಂದರು ಲ್ಯಾಬಿನವರು.

ಪೋಸ್ಟಿನವನು ಮೂಗಿನಿಂದ ಉಸಿರು ಎಳೆದುಕೊಂಡದ್ದು ಕೇಳಿತು. ಅಟ್ಟೆಯಣ್ಣ ಕಾದ.

"ಹೌದಪ್ಪ" ಎಂದ ಪೋಸ್ಟಿನವನು. "ಹುಲಿ ಥರಾನೇ ಆಡ್ದ."

"ಲೋ" ಎಂದ ಅಟ್ಟೆಯಣ್ಣ. ಅವನ ದನಿ ಒಡೆದಿತ್ತು. "ನಲವತ್ನಾಲ್ಕು ಪಾಯಿಂಟಲ್ಲಿ ಸೋತಿದ್ದೀವಿ ಕಣೋ."

"ಅದಕ್ಕೇನೀಗ, ಬಿಡು. ಟೀ ಕುಡಿ, ಆರೋಗುತ್ತೆ."

ಪೋಸ್ಟಿನವನು ಲೋಟವನ್ನು ಅವನ ಅಂಗೈಗೆ ತಂದಿಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಿಸಿ, ಅವನು ಗಟ್ಟಿಯಾಗಿ ಹಿಡಿದುಕೊಂಡನೆಂದು ಖಾತ್ರಿಯಾಗುವ ತನಕ ಕೈ ತೆಗೆಯಲಿಲ್ಲ.